ಸ್ಕ್ರೋಲ್‌ನಲ್ಲಿ ಹರಿದುಹೋದ ಒಂದು ಹೆಸರು

2021ರ ಆಗಸ್ಟ್ 3, ಮಂಗಳವಾರ. ಆ ದಿನ ಟಿವಿಯಲ್ಲಿ ಏನು ನೋಡಿದ್ರಿ ಅಂತ ಕೇಳಿದ್ರೆ ನಿಮಗೆ ನೆನಪಿರೋದು ಕಷ್ಟ. ನನಗೆ ನೆನಪಿದೆ. ಯಾಕಂದ್ರೆ ತೋರಿಸಿದವರಲ್ಲಿ ನಾನೂ ಒಬ್ಬ.

ಬೆಳಗ್ಗೆ ಏಳು ಗಂಟೆಗೆ ಟೋಕಿಯೊದಲ್ಲಿ ಹಾಕಿ ಸೆಮಿಫೈನಲ್. ಬೆಲ್ಜಿಯಂ ಎದುರು ನಮ್ಮವರು 5-2ರಿಂದ ಸೋತರು. ಅದು ಮುಗಿಯೋ ಹೊತ್ತಿಗೆ ದಿಲ್ಲಿಯಿಂದ ಲೈವ್ ಶುರು. ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ, ಮಂತ್ರಿಗಳ ಪಟ್ಟಿ ಅಂತಿಮ ಆಗಬೇಕಿತ್ತು. ಯಾರಿಗೆ ಸಿಕ್ತು, ಯಾರಿಗೆ ತಪ್ಪಿತು, ಯಾರ ಮನೆ ಮುಂದೆ ಎಷ್ಟು ಕಾರು ನಿಂತಿವೆ. ಮಾರನೇ ದಿನ ಮಧ್ಯಾಹ್ನ ರಾಜಭವನದಲ್ಲಿ 29 ಮಂದಿ ಪ್ರಮಾಣವಚನ ತಗೊಳ್ಳೋವರೆಗೂ ನಮ್ಮ ಯಾವ ಚಾನೆಲ್‌ಗೂ ಬೇರೆ ಲೋಕ ಇರಲಿಲ್ಲ.

ಆ ಬೆಳಗ್ಗೆ ಹಾಕಿ ಪಂದ್ಯ ಶುರುವಾಗೋಕೆ ಸುಮಾರು ಅರ್ಧ ಗಂಟೆ ಮುಂಚೆ, ಆರೂವರೆ ಆಸುಪಾಸಿನಲ್ಲಿ, ತ್ರಿಪುರಾದ ಧಲಾಯ್ ಜಿಲ್ಲೆಯಲ್ಲಿ, ಬಾಂಗ್ಲಾದೇಶದ ಗಡಿಯಲ್ಲಿ, ಗಸ್ತು ಹೊರಟಿದ್ದ ಬಿಎಸ್‌ಎಫ್ ತಂಡದ ಮೇಲೆ ಹೊಂಚು ಹಾಕಿ ಗುಂಡು ಹಾರಿಸಿದರು. ಜಾಗದ ಹೆಸರು ಆರ್.ಸಿ. ನಾಥ್ ಹೊರಠಾಣೆ, ಚೌಮನು ಪೊಲೀಸ್ ಠಾಣೆ ವ್ಯಾಪ್ತಿ. ಹಾರಿಸಿದವರು ಎನ್‌ಎಲ್‌ಎಫ್‌ಟಿ, ಅಂದ್ರೆ ನ್ಯಾಷನಲ್ ಲಿಬರೇಷನ್ ಫ್ರಂಟ್ ಆಫ್ ತ್ರಿಪುರಾ ಅನ್ನೋ ಸಂಘಟನೆಯವರು ಅಂತ ಶಂಕೆ. ಇಬ್ಬರು ಸತ್ತರು. ಒಬ್ಬರು ಸಬ್ ಇನ್ಸ್‌ಪೆಕ್ಟರ್ ಭೂರು ಸಿಂಗ್. ಇನ್ನೊಬ್ಬರು ಕಾನ್‌ಸ್ಟೇಬಲ್ ರಾಜಕುಮಾರ್. ಕೊಂದವರು ಇವರ ಆಯುಧಗಳನ್ನೂ ಎತ್ತಿಕೊಂಡು ಹೋದರು.

ರಾಜಕುಮಾರ್ ನಮ್ಮವರು. ಕಲಬುರಗಿ ಜಿಲ್ಲೆ, ಆಳಂದ ತಾಲೂಕು, ಚಿಂಚನಸೂರು.

ನಮ್ಮ ಪರದೆಯ ಕೆಳಗೆ ಓಡುತ್ತಲ್ಲ ಅಕ್ಷರದ ಪಟ್ಟಿ, ಸ್ಕ್ರೋಲ್ ಅಂತೀವಿ, ಅದರಲ್ಲಿ ಆ ಸುದ್ದಿ ಬಂತು. ಎರಡು ಮಂತ್ರಿಗಿರಿ ಊಹೆಗಳ ನಡುವೆ. ನಾನು ಮೇಲೆ ಕೂತು ಖಾತೆ ಹಂಚಿಕೆ ಲೆಕ್ಕ ಹೇಳ್ತಿದ್ದೆ, ನನ್ನ ಎದೆಯ ಕೆಳಗೆ ಅವರ ಹೆಸರು ಬಲದಿಂದ ಎಡಕ್ಕೆ ಹರಿದುಹೋಯ್ತು. ಅದು ನನಗೆ ಗೊತ್ತಾಗಿದ್ದು ರಾತ್ರಿ, ಊರಿಂದ ಫೋನ್ ಬಂದಾಗ. ಜೇವರ್ಗಿಯ ನನ್ನ ಗೆಳೆಯ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದೋವಾಗ ಒಂದೇ ರೂಮಿನಲ್ಲಿದ್ವಿ. ಅವನು ಕೇಳಿದ್ದು ಇಷ್ಟೇ: "ನಮ್ ಕಡಿ ಹುಡುಗ ಸತ್ತಾನ, ನಿಮ್ ಟಿವ್ಯಾಗ ಯಾಕ ಹೇಳವಲ್ರಿ ಲೇ?"

ಉತ್ತರ ಇರಲಿಲ್ಲ. "ನಾಳೆ ಹೇಳ್ತೀವಿ" ಅಂದೆ. ನಾಳೆ ಪ್ರಮಾಣವಚನ ಇತ್ತು.

2025ರ ಆಗಸ್ಟ್ 3ಕ್ಕೆ ನಾಲ್ಕು ವರ್ಷ ತುಂಬಿತು. ಈ ಬರಹ ಆ ಫೋನಿಗೆ ತಡವಾದ ಉತ್ತರ ಅಂತ ಇಟ್ಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಳ್ಳಿಗಳಲ್ಲಿ ಸಮವಸ್ತ್ರ ಹಾಕಿದವರೆಲ್ಲ ಒಂದೇ. "ಮಗಾ ಮಿಲ್ಟ್ರಿಯೊಳಗ ಅದಾನ್ರಿ." ಭೂಸೇನೆ ಇರಲಿ, ಬಿಎಸ್‌ಎಫ್ ಇರಲಿ, ಸಿಆರ್‌ಪಿಎಫ್ ಇರಲಿ, ಊರಿನ ಪಾಲಿಗೆ ಅದು ಮಿಲ್ಟ್ರಿ. ಊರು ತಪ್ಪೇನೂ ಹೇಳ್ತಿಲ್ಲ. ಆದರೆ ದಿಲ್ಲಿಯ ಕಡತದಲ್ಲಿ ಅದು ಒಂದೇ ಅಲ್ಲ. ಭೂಸೇನೆ ರಕ್ಷಣಾ ಇಲಾಖೆಗೆ ಸೇರಿದ್ದು. ಬಿಎಸ್‌ಎಫ್ ಗೃಹ ಇಲಾಖೆಗೆ. 1965ರ ಏಪ್ರಿಲ್‌ನಲ್ಲಿ ಕಛ್‌ನ ಸರ್ದಾರ್ ಪೋಸ್ಟ್ ಮೇಲೆ ಪಾಕಿಸ್ತಾನದ ದಾಳಿ ಆಯ್ತು. ಅಲ್ಲೀವರೆಗೂ ಗಡಿ ಕಾಯ್ತಿದ್ದವರು ಆಯಾ ರಾಜ್ಯದ ಪೊಲೀಸರು. ಹೀಗೆ ಆಗಲ್ಲ ಅಂತ ಅದೇ ವರ್ಷ ಡಿಸೆಂಬರ್ 1ಕ್ಕೆ ಕೆ.ಎಫ್. ರುಸ್ತುಂಜಿ ಅವರ ಕೈಯಲ್ಲಿ ಬಿಎಸ್‌ಎಫ್ ಹುಟ್ಟಿತು. ಯುದ್ಧ ಇಲ್ಲದಾಗ ಗಡಿ ಕಾಯೋರು ಇವರು. ಯುದ್ಧ ಇಲ್ಲದಾಗಲೇ ಸಾಯೋರೂ ಹೆಚ್ಚಾಗಿ ಇವರೇ.

ಸತ್ತ ಮೇಲೂ ವಿಳಾಸ ಬೇರೆ. ದಿಲ್ಲಿಯ ಇಂಡಿಯಾ ಗೇಟ್ ಪಕ್ಕದಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆ ಆಯ್ತಲ್ಲ, ಅಲ್ಲಿ ಗ್ರಾನೈಟ್ ಇಟ್ಟಿಗೆಗಳ ಮೇಲೆ ಆಗ ಕೆತ್ತಿದ್ದು 25,942 ಹೆಸರು. ಅದು ಸೇನೆಯ ಮೂರು ಪಡೆಗಳವರ ಜಾಗ. ರಾಜಕುಮಾರ್ ಥರದವರಿಗೆ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ. ಅದು ಶುರುವಾಗಿದ್ದು 2018ರ ಅಕ್ಟೋಬರ್ 21ಕ್ಕೆ. ಆ ತಾರೀಖಿಗೂ ಕಾರಣ ಇದೆ. 1959ರ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಹತ್ತು ಮಂದಿ ಸಿಆರ್‌ಪಿಎಫ್‌ನವರು ಸತ್ತಿದ್ದರು. ಪೊಲೀಸ್ ಸ್ಮಾರಕ ಶುರುವಾದ ದಿನ ಅದರ ಗೋಡೆಯಲ್ಲಿ ಎಷ್ಟು ಹೆಸರಿದ್ದವು ಗೊತ್ತಾ? ಸ್ವಾತಂತ್ರ್ಯದಿಂದ ಈಚೆಗೆ 34,844. ಯುದ್ಧ ಸ್ಮಾರಕಕ್ಕಿಂತ ಸುಮಾರು ಒಂಬತ್ತು ಸಾವಿರ ಜಾಸ್ತಿ. ದಿಲ್ಲಿಗೆ ಹೋದ ನಮ್ಮವರು ಇಂಡಿಯಾ ಗೇಟ್ ಹತ್ತಿರ ಸೆಲ್ಫಿ ತಗೊಂಡು ಬರ್ತಾರೆ. ಚಾಣಕ್ಯಪುರಿಗೆ ಹೋಗಿ ಬಂದೆ ಅಂದ ಒಬ್ಬರನ್ನೂ ನಾನು ಕಂಡಿಲ್ಲ. ನಾನೂ ಎರಡು ಸಲ ಅದರ ಮುಂದೆಯೇ ಕಾರಿನಲ್ಲಿ ಹೋಗಿದ್ದೀನಿ, ಇಳಿದಿಲ್ಲ.

ಇನ್ನು "ಹುತಾತ್ಮ" ಅನ್ನೋ ಮಾತು. ನಾವು ಟಿವಿಯವರು ಇದನ್ನ ಉಸಿರಾಡಿದಷ್ಟು ಸಲೀಸಾಗಿ ಬಳಸ್ತೀವಿ. ಸರಕಾರ ಬಳಸಲ್ಲ. ಹೌದು, ಬಳಸಲ್ಲ. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಸರಕಾರ ಕೊಟ್ಟ ಉತ್ತರ ಒಂದೇ: ಸೇನೆಯಲ್ಲಾಗಲಿ, ಅರೆಸೇನಾ ಪಡೆಗಳಲ್ಲಾಗಲಿ ಆ ಪದಕ್ಕೆ ಅಧಿಕೃತ ವ್ಯಾಖ್ಯೆ ಇಲ್ಲ. ಸೇನೆಯವರು ಸತ್ತರೆ ಕಡತದಲ್ಲಿ "ಬ್ಯಾಟಲ್ ಕ್ಯಾಶುಯಲ್ಟಿ". ಬಿಎಸ್‌ಎಫ್‌ನವರು ಸತ್ತರೆ "ಆಪರೇಷನ್ಸ್ ಕ್ಯಾಶುಯಲ್ಟಿ". ಅಂದ್ರೆ ನಾವು ಟಿವಿಯಲ್ಲಿ ಗಂಟಲು ಹರಿದು ಕೂಗೋ ಪದಕ್ಕೆ ಕಚೇರಿಯ ಕೌಂಟರಿನಲ್ಲಿ ಬೆಲೆ ಇಲ್ಲ. ಅದರಿಂದ ಒಂದು ಸರ್ಟಿಫಿಕೇಟೂ ಹುಟ್ಟಲ್ಲ.

ಇದು ಕೆಟ್ಟದ್ದಾ? ನನಗನಿಸಿದ ಮಟ್ಟಿಗೆ ಪದ ಮುಖ್ಯ ಅಲ್ಲ. ಪದದ ಜೊತೆಗೆ ಏನು ಕಟ್ಟಿದ್ದೀವಿ ಅನ್ನೋದು ಮುಖ್ಯ. ಇದನ್ನ ನನಗೆ ಕಲಿಸಿದ್ದು ಯಾವ ಜನರಲ್ಲೂ ಅಲ್ಲ, ಒಂದು ನಾಯಿ.

ನಗಬೇಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ಮ್ಯೂಸಿಯಂನಲ್ಲಿ ಒಂದು ಕಲ್ಲಿದೆ. ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು. ಆದರೆ ಅದರಲ್ಲಿರೋ ದೊಡ್ಡ ದೊರೆ ನಮ್ಮ ಕಡೆಯವನು, ರಾಷ್ಟ್ರಕೂಟರ ಮೂರನೇ ಕೃಷ್ಣ. ಅವನ ರಾಜಧಾನಿ ಮಾನ್ಯಖೇಟ, ಅಂದ್ರೆ ಇವತ್ತಿನ ಮಳಖೇಡ, ಕಲಬುರಗಿಯಿಂದ ಸೇಡಂ ಕಡೆ ಹೋಗೋ ದಾರಿಯಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ಚೋಳರಿಗೂ ಇವನಿಗೂ ದೊಡ್ಡ ಯುದ್ಧ. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಗಂಗರ ಬೂತುಗ ಕೃಷ್ಣನ ಕಡೆ ಇದ್ದ. ಬೂತುಗನ ಜೊತೆ ಮಣಲೇರ ಅನ್ನೋ ವೀರ ಇದ್ದ. ಗೆದ್ದ ಮೇಲೆ ಏನು ಬೇಕೋ ಕೇಳು ಅಂದಾಗ ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಬೂತುಗನ ಹತ್ತಿರ ಕಾಳಿ ಅನ್ನೋ ಬೇಟೆನಾಯಿ ಇತ್ತು, ಅದನ್ನ ಕೇಳಿದ. ಆ ನಾಯಿಯನ್ನ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಒಂದನ್ನೊಂದು ಕೊಂದು ಬಿದ್ದವು. ನಾಯಿಗೆ ಕಲ್ಲು ನಿಲ್ಲಿಸಿದರು.

ಇಷ್ಟೇ ಆಗಿದ್ರೆ ಅದೊಂದು ಚಂದದ ಕತೆ, ಅಷ್ಟೇ. ಮುಂದಿನದ್ದು ಕೇಳಿ. ಆ ಕಲ್ಲಿಗೆ ಭೂಮಿ ಬಿಟ್ಟರು. ಆ ಭೂಮಿಯನ್ನ ಉಣ್ಣೋ ಗೊರವ, ಅಂದ್ರೆ ಪೂಜಾರಿ, ದಿನಾ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿಯ ಪಾಪ ಅವನಿಗೆ ತಟ್ಟುತ್ತೆ ಅಂತ ಬರೆಸಿದರು. ನೋಡಿ, ಇದು ಭಾವುಕತೆ ಅಲ್ಲ. ಇದು ವ್ಯವಸ್ಥೆ. ನೆನಪಿಗೆ ಆದಾಯದ ಮೂಲ ಇದೆ, ಜವಾಬ್ದಾರ ಇದ್ದಾನೆ, ಹೊತ್ತು ಗೊತ್ತು ಮಾಡಿದೆ, ತಪ್ಪಿದರೆ ದಂಡ ಇದೆ. ಎಂಜಿನಿಯರಿಂಗ್ ಓದಿದವನ ಬುದ್ಧಿ, ನನಗೆ ಅದು ಪ್ರಾಜೆಕ್ಟ್ ರಿಪೋರ್ಟ್ ಥರ ಕಾಣುತ್ತೆ. ಮೆಂಟೆನೆನ್ಸ್ ಕೂಡ ಸೇರಿಸಿ ಮಾಡಿದ ಪ್ರಾಜೆಕ್ಟ್.

ನಾಯಿಗೇ ಇಷ್ಟಾದರೆ ಮನುಷ್ಯರಿಗೆ? ಹಳಗನ್ನಡ ಶಾಸನಗಳಲ್ಲಿ ನೆತ್ತರುಗೊಡಗೆ ಅಂತ ಬರುತ್ತೆ. ಹೋರಾಟದಲ್ಲಿ ನೆತ್ತರು ಚೆಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ಕಲ್ನಾಡು, ಬಾಳ್ಗಳ್ಚು ಅಂತ ಇನ್ನೂ ಹೆಸರುಗಳಿವೆ. ಬಾಳ್ಗಳ್ಚು ಅಂದ್ರೆ ಬಾಳು, ಅಂದ್ರೆ ಕತ್ತಿಯನ್ನ ತೊಳೆದು ಕೊಟ್ಟದ್ದು. ಕರ್ನಾಟಕದಲ್ಲಿ ಸಾವಿರಾರು ವೀರಗಲ್ಲುಗಳಿವೆ. ಅವುಗಳಲ್ಲಿ ಬಹಳಷ್ಟು ರಾಜರವೂ ಅಲ್ಲ, ದೊಡ್ಡ ಯುದ್ಧದವೂ ಅಲ್ಲ. ಊರ ದನ ಹೊಡಕೊಂಡು ಹೋಗೋಕೆ ಬಂದವರನ್ನ ತಡೆದು ಸತ್ತವರು. ತುರುಗೋಳ್ ಅಂತಾರೆ ಅದಕ್ಕೆ. ಸರಿಯಾಗಿ ನೋಡಿದರೆ ಗಡಿಯಲ್ಲಿ ಗಸ್ತು ತಿರುಗೋ ಕೆಲಸವೇ.

ಕಲ್ಲಿನ ಮೇಲೆ ಮೂರು ಅಂಕಣ ಇರುತ್ತೆ ನೋಡಿ. ಕೆಳಗೆ ಕಾದಾಟ. ನಡುವೆ ಅಪ್ಸರೆಯರು ಅವನನ್ನ ಎತ್ತಿಕೊಂಡು ಹೋಗ್ತಿರೋದು. ಮೇಲೆ ಶಿವಲಿಂಗದ ಮುಂದೆ ಕೂತಿರೋದು. ತುದಿಗೆ ಸೂರ್ಯ, ಚಂದ್ರ. ಅವು ಇರೋವರೆಗೂ ಈ ನೆನಪು ಇರಲಿ ಅಂತ ಅರ್ಥ. ಈ ಪದ್ಧತಿ ನಮ್ಮ ಭೀಮಾ ದಂಡೆಯಲ್ಲಿ ಇನ್ನೂ ಹಿಂದಿನದ್ದು. ಚಿತ್ತಾಪುರ ತಾಲೂಕಿನ ಸನ್ನತಿ ಗೊತ್ತಲ್ಲ, ಅಶೋಕನ ಶಾಸನ ಸಿಕ್ಕ ಊರು, ಅಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳ ಸ್ಮಾರಕಶಿಲೆಗಳು ಸಿಕ್ಕಿವೆ. ಸತ್ತವರ ಚಿತ್ರ ಕೆತ್ತಿ ನಿಲ್ಲಿಸಿದ ಕಲ್ಲುಗಳು. ಅಂದ್ರೆ ಸತ್ತವರಿಗೆ ಕಲ್ಲು ನಿಲ್ಲಿಸೋದು ಹೇಗೆ ಅಂತ ಈ ನೆಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಳೆದ ವರ್ಷ ಒಂದು ಚುನಾವಣಾ ಕಾರ್ಯಕ್ರಮಕ್ಕೆ ಅಫಜಲಪುರ ಕಡೆ ಹೋಗಿದ್ದೆ. ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿ ಮುಂದೆ ಅಂಥದ್ದೊಂದು ಕಲ್ಲು, ಅರ್ಧ ಮಣ್ಣಲ್ಲಿ ಹೂತಿತ್ತು. ಎಣ್ಣೆ ಸವರಿ ಸವರಿ ಮುಖ ಎಲ್ಲ ನುಣ್ಣಗೆ. ಕಟ್ಟೆ ಮೇಲೆ ಕೂತಿದ್ದ ಮುತ್ಯಾನ್ನ ಕೇಳಿದೆ, "ಮುತ್ಯಾ, ಇದು ಯಾರ್ದು?"

"ದ್ಯಾವ್ರದಪ್ಪಾ."

"ಯಾವ ದೇವರು?"

"ಯಾರಿಗಿ ಗೊತ್ತೋ ಯಪ್ಪಾ. ನಮ್ಮ ಮುತ್ಯಾ ಎಣ್ಣಿ ಹಚ್ಚತಿದ್ದ, ನಾವೂ ಹಚ್ಚತೀವಿ. ಅಮಾಸಿಗಿ ಒಂದ್ ಕಾಯಿ."

ಹೆಸರು ಹೋಗಿದೆ. ಯಾವ ಕಾಲದವನು, ಯಾಕೆ ಸತ್ತ, ಎಲ್ಲ ಹೋಗಿದೆ. ಅಮಾವಾಸ್ಯೆಯ ಕಾಯಿ ಮಾತ್ರ ಉಳಿದಿದೆ. ನಮ್ಮಲ್ಲಿ ಇವತ್ತು ಆಗ್ತಿರೋದು ಇದರ ಉಲ್ಟಾ. ಹೆಸರು ಇದೆ, ಗೂಗಲ್ ಮಾಡಿದ್ರೆ ಸಿಗುತ್ತೆ, ಫೋಟೊ ಸಮೇತ. ಕಾಯಿ ಒಡೆಯೋರು ಇಲ್ಲ.

ಈಗಿನ ವ್ಯವಸ್ಥೆ ಏನೂ ಇಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ, ಟಿವಿ ಚರ್ಚೆಯ ಆವೇಶ ಆಗುತ್ತೆ. ಇದೆ. ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಸತ್ತ ಕೇಂದ್ರ ಪಡೆಯವರ ಕುಟುಂಬಕ್ಕೆ 2016ರಿಂದ ಕೇಂದ್ರದ ಪರಿಹಾರ 35 ಲಕ್ಷ ರೂಪಾಯಿ. ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿಯ ನಿಯಮವೂ ಇದೆ. 2017ರ ಏಪ್ರಿಲ್‌ನಲ್ಲಿ "ಭಾರತ್ ಕೆ ವೀರ್" ಅಂತ ಒಂದು ಪೋರ್ಟಲ್ ಬಂತು. ಸತ್ತವರ ಕುಟುಂಬದ ಖಾತೆಗೆ ನೀವು ನೇರವಾಗಿ ಹಣ ಹಾಕಬಹುದು, 15 ಲಕ್ಷ ತುಂಬೋವರೆಗೆ. ಒಳ್ಳೇ ಕೆಲಸ. ಬದುಕಿ ನಿವೃತ್ತಿ ಆಗೋರ ಪಿಂಚಣಿಯದ್ದು ಬೇರೆ ಕತೆ. 2004ರ ಜನವರಿ 1ರ ನಂತರ ಸೇರಿದ ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೆ ಸೇನೆಗೆ ಇರೋ ಹಳೇ ಪಿಂಚಣಿ ಇಲ್ಲ. ಇವರೂ ಒಕ್ಕೂಟದ ಸಶಸ್ತ್ರ ಪಡೆಗಳೇ, ಕೊಡಿ ಅಂತ ದಿಲ್ಲಿ ಹೈಕೋರ್ಟ್ 2023ರ ಜನವರಿ 11ರಂದು ಹೇಳ್ತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು. ಅತ್ತ ಸೇನೆಗೆ 2022ರಲ್ಲಿ ಅಗ್ನಿಪಥ್ ಬಂತು, ನಾಲ್ಕು ವರ್ಷದ ನೌಕರಿ. ಅಗ್ನಿವೀರ ಕರ್ತವ್ಯದಲ್ಲಿ ಸತ್ತರೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ. ಕುಟುಂಬಕ್ಕೆ ಮಾಮೂಲಿ ಪಿಂಚಣಿ ಇಲ್ಲ. ಹತ್ತನೇ ಶತಮಾನದ ಗೌಡ ಭೂಮಿ ಬಿಡೋವಾಗ ಮಕ್ಕಳು ಮೊಮ್ಮಕ್ಕಳ ಲೆಕ್ಕ ಹಾಕಿದ್ದ. ನಾವು ಚೆಕ್ ಬರೀತೀವಿ, ಫೋಟೊ ತೆಗೀತೀವಿ.

ಮತ್ತೆ ನನ್ನ ವೃತ್ತಿಗೆ ಬರ್ತೀನಿ, ಯಾಕಂದ್ರೆ ಆರೋಪ ಮೊದಲು ನನ್ನ ಮೇಲೆ.

2016ರ ಫೆಬ್ರವರಿ ನೆನಪಿದೆ ಅಲ್ವಾ? ಸಿಯಾಚಿನ್. ಫೆಬ್ರವರಿ 3ರಂದು ಹಿಮಪಾತದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಹಿಮದ ಅಡಿಯಿಂದ ಒಬ್ಬರು ಜೀವಂತ ಸಿಕ್ಕರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರು. ಇಡೀ ದೇಶ ಉಸಿರು ಬಿಗಿಹಿಡಿದಿತ್ತು. ನಾವು ರಾತ್ರಿ ಹಗಲು ಲೈವ್ ಮಾಡಿದ್ವಿ. ದಿಲ್ಲಿಯ ಸೇನಾ ಆಸ್ಪತ್ರೆಯ ಬುಲೆಟಿನ್ನು, ಬೆಟದೂರಿನ ಪೂಜೆ, ಮಸೀದಿ ದರ್ಗಾಗಳ ಪ್ರಾರ್ಥನೆ. ಫೆಬ್ರವರಿ 11ರಂದು ಅವರು ಹೋದರು. ಹನುಮಂತಪ್ಪ ಅಂದ್ರೆ ಇವತ್ತಿಗೂ ಕರ್ನಾಟಕಕ್ಕೆ ಗೊತ್ತು.

ಈಗ ಒಂದು ಪ್ರಶ್ನೆ. ಅದೇ ಹಿಮದಲ್ಲಿ ಹೂತುಹೋದ ಇನ್ನಿಬ್ಬರು ಕನ್ನಡಿಗರ ಹೆಸರು ಹೇಳಿ ನೋಡೋಣ. ಸುಬೇದಾರ್ ಟಿ.ಟಿ. ನಾಗೇಶ್, ಹಾಸನ ತೇಜೂರಿನವರು. ಸಿಪಾಯಿ ಪಿ.ಎನ್. ಮಹೇಶ್, ಎಚ್.ಡಿ. ಕೋಟೆ ಕಡೆಯವರು. ಅದೇ ದಿನ, ಅದೇ ಠಾಣೆ, ಅದೇ ಹಿಮ. ಹನುಮಂತಪ್ಪನವರ ಉಸಿರು ಆರು ದಿನ ನಡೀತು, ಅದು ನಮಗೆ ಕತೆ ಕೊಡ್ತು. ಇವರಿಗೆ ಆ ಕತೆ ಇರಲಿಲ್ಲ. ಮೂರು ವರ್ಷದ ಮೇಲೆ, 2019ರ ಫೆಬ್ರವರಿ 14ಕ್ಕೆ ಪುಲ್ವಾಮಾ. ನಲವತ್ತು ಮಂದಿ ಸಿಆರ್‌ಪಿಎಫ್‌ನವರು. ಅದರಲ್ಲಿ ನಮ್ಮ ಎಚ್. ಗುರು, ಮದ್ದೂರು ತಾಲೂಕಿನ ಗುಡಿಗೆರೆ. ಆ ನಾಯಿಯ ಕಲ್ಲು ಸಿಕ್ಕ ಅದೇ ಮದ್ದೂರು ತಾಲೂಕು. ಅಂತ್ಯಸಂಸ್ಕಾರಕ್ಕೆ ಜನಸಾಗರ. ಅದನ್ನೂ ಗಂಟೆಗಟ್ಟಲೆ ತೋರಿಸಿದ್ವಿ.

ಅಂದ್ರೆ ಟಿವಿಗೆ ಸೈನಿಕನ ಸಾವು ಬೇಡ ಅಂತಲ್ಲ. ಟಿವಿಗೆ ಬೇಕಾಗಿರೋದು ಬಿಡುವಿರೋ ದಿನದ ಸಾವು, ಕತೆ ಇರೋ ಸಾವು, ಮತ್ತೆ, ಇದನ್ನ ಹೇಳೋಕೆ ನಾಚಿಕೆ ಆಗುತ್ತೆ, ಬೈಯೋಕೆ ಒಬ್ಬ ಪರಿಚಿತ ಶತ್ರು ಇರೋ ಸಾವು. ಪಾಕಿಸ್ತಾನ ಅಂದ್ರೆ ಸ್ಟುಡಿಯೊದಲ್ಲಿ ಕರೆಂಟ್ ಹರಿಯುತ್ತೆ. ತ್ರಿಪುರಾ? ನಕ್ಷೆಯಲ್ಲಿ ತೋರಿಸಿ ಅಂದ್ರೆ ನಮ್ಮ ಡೆಸ್ಕಿನಲ್ಲಿ ಅರ್ಧ ಜನ ಅಸ್ಸಾಂ ಮೇಲೆ ಬೆರಳಿಡ್ತಾರೆ. ಮೂರು ಕಡೆ ಬಾಂಗ್ಲಾದೇಶ ಸುತ್ತಿಕೊಂಡಿರೋ ರಾಜ್ಯ, 856 ಕಿಲೋಮೀಟರ್ ಅಂತರರಾಷ್ಟ್ರೀಯ ಗಡಿ, ಅದರಲ್ಲಿ ಧಲಾಯ್ ಅಂದ್ರೆ ಗುಡ್ಡ ಕಾಡು. ಜ್ವಾಳ, ತೊಗರಿ ಬೆಳೆಯೋ ಕರಿ ಹೊಲದಿಂದ, ಕಣ್ಣು ಹಾಯಿಸಿದಷ್ಟು ದೂರ ಬಯಲು ಕಾಣೋ ಊರಿಂದ ಹೋದವರು, ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಕಾಣದ ಆ ಕಾಡಿನಲ್ಲಿ ಬೆಳಗ್ಗೆ ಆರೂವರೆಗೆ ನಡೀತಿದ್ದರು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಅದು, ಆಳಂದದಿಂದ.

ಅಲ್ಲಿಗೆ ಹೋಗೋದೂ ಸುಲಭ ಅಲ್ಲ. ನನ್ನ ಜೇವರ್ಗಿಯ ಗೆಳೆಯನೂ ಒಂದು ಕಾಲಕ್ಕೆ ಪ್ರಯತ್ನ ಮಾಡಿದ್ದ. ಎಂಜಿನಿಯರಿಂಗ್ ಮಧ್ಯೆಯೇ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಓಡ್ತಿದ್ದ. ರಜೆಗೆ ಊರಿಗೆ ಹೋದ್ರೆ ಕಟ್ಟಿಸಂಗಾವಿ ಬ್ರಿಜ್ಜಿನವರೆಗೆ ರಸ್ತೆ ಮೇಲೆ ಓಟ, ಕೆಳಗೆ ಭೀಮಾ. ಐದು ಕಿಲೋಮೀಟರನ್ನ 24 ನಿಮಿಷದಲ್ಲಿ ಓಡಬೇಕು. ಎತ್ತರ 170 ಸೆಂಟಿಮೀಟರ್, ಎದೆ 80, ಉಬ್ಬಿಸಿದಾಗ 85. ಓಟದಲ್ಲಿ ಅವನು ಪಾಸು. ಬಿದ್ದಿದ್ದು ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆ ಹಿಂದಿ ಅಥವಾ ಇಂಗ್ಲಿಷ್, ಎರಡೇ. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೀಬಹುದು ಅಂತ ಗೃಹ ಇಲಾಖೆ ಒಪ್ಪಿದ್ದು 2023ರಲ್ಲಿ, ಮೊದಲ ಸಲ ನಡೆದಿದ್ದು 2024ರಲ್ಲಿ. ಅದಕ್ಕಿಂತ ಮುಂಚೆ ನಮ್ಮ ಹಳ್ಳಿಯ ಕನ್ನಡ ಶಾಲೆಯಿಂದ ಹೋಗಿ ಸೇರಿದವರೆಲ್ಲ ಎರಡು ಓಟ ಗೆದ್ದವರು. ಒಂದು ಕಾಲಿನದ್ದು, ಒಂದು ಭಾಷೆಯದ್ದು.

ಒಂದು ಮಾತು ಇಲ್ಲಿ ಹೇಳಬೇಕು. ಕೊಡಗಿನವರಿಗೆ, ಬೆಳಗಾವಿ ಕಡೆಯವರಿಗೆ ಸೇನೆ ಅಂದ್ರೆ ಮನೆತನದ ಮಾತು. ನಮ್ಮ ಭಾಗಕ್ಕೆ ಹಾಗಲ್ಲ ಅಂತ ತುಂಬ ಜನ ಅಂತಾರೆ. ನಿಜಾಮನ ಸೀಮೆ, ಸೈನ್ಯದ ಪರಂಪರೆ ಇಲ್ಲ ಅಂತ. ಪೂರ್ತಿ ನಿಜ ಅಲ್ಲ. ದಿಲ್ಲಿಯಲ್ಲಿ ತೀನ್ ಮೂರ್ತಿ ಅಂತ ಇದೆ, 1922ರದ್ದು. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಕಾದಿದ ಸಂಸ್ಥಾನಗಳ ಕುದುರೆಪಡೆಗಳ ನೆನಪಿಗೆ. ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದ್ದು, ಒಂದು ಜೋಧಪುರದ್ದು, ಮತ್ತೊಂದು ಹೈದರಾಬಾದಿನದ್ದು. ಆಗ ಗುಲ್ಬರ್ಗಾ ಹೈದರಾಬಾದೇ. ಮೈಸೂರಿನ ಮೂರ್ತಿ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ವರ್ಷಕ್ಕೊಂದು ಲೇಖನ ಬರುತ್ತೆ, ಹೈಫಾ ದಿನದಂದು. ಪಕ್ಕದ ಮೂರ್ತಿ ಬಗ್ಗೆ ಯಾರೂ ಬರೆಯಲ್ಲ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ನಿಜಾಮನ ಸೈನ್ಯದ ನೆನಪನ್ನ ಇಟ್ಕೊಳ್ಳೋಕೆ ಯಾರಿಗೂ ಮನಸ್ಸಿರಲಿಲ್ಲ, ರಜಾಕಾರರ ಗಾಯ ಹಸಿ ಇತ್ತು. ಅದು ಅರ್ಥ ಆಗುತ್ತೆ. ಆದರೆ ಅದರ ಜೊತೆಗೆ, ಇಲ್ಲಿಂದಲೂ ಸೈನಿಕರು ಹೋಗಿದ್ದರು ಅನ್ನೋದೂ ಮುಚ್ಚಿಹೋಯ್ತು. ಹಾಗಾಗಿ ಆಳಂದದಿಂದ ಒಬ್ಬರು ಗಡಿಗೆ ಹೋದರೆ ನಮಗೆ ಅದು ಒಂಟಿ ಘಟನೆ ಥರ ಕಾಣುತ್ತೆ. ಹಿಂದೆ ಮುಂದೆ ಏನೂ ಇಲ್ಲ ಅನ್ನೋ ಥರ.

ಈಗ ಕತೆಯ ಕೊನೇ ತಿರುವು. ಇದನ್ನ ಹೇಳೋಕೆ ನನಗೆ ಸರಿಯಾದ ಧ್ವನಿ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ.

ಎನ್‌ಎಲ್‌ಎಫ್‌ಟಿ ಹುಟ್ಟಿದ್ದು 1989ರಲ್ಲಿ. 2019ರಲ್ಲಿ ಅದರ ಒಂದು ಬಣ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ 88 ಮಂದಿ ಶರಣಾದರು. ಉಳಿದವರು ಉಳಿದೇ ಇದ್ದರು. 2021ರ ಆ ಬೆಳಗ್ಗೆ ಬಂತು. ಆಮೇಲೆ 2024ರ ಸೆಪ್ಟೆಂಬರ್ 4. ದಿಲ್ಲಿಯಲ್ಲಿ ಕೇಂದ್ರ ಗೃಹ ಸಚಿವರು, ತ್ರಿಪುರಾ ಮುಖ್ಯಮಂತ್ರಿಗಳ ಎದುರು ಎನ್‌ಎಲ್‌ಎಫ್‌ಟಿ ಮತ್ತು ಎಟಿಟಿಎಫ್ ಎರಡೂ ಸಂಘಟನೆಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ತಿಂಗಳು ನೂರಾರು ಮಂದಿ ಶಸ್ತ್ರ ಕೆಳಗಿಟ್ಟರು. ತ್ರಿಪುರಾದ ಬುಡಕಟ್ಟು ಜನರ ಅಭಿವೃದ್ಧಿಗೆ 250 ಕೋಟಿ ರೂಪಾಯಿ ಪ್ಯಾಕೇಜು.

ರಾಜಕುಮಾರ್ ಸತ್ತು ಮೂರು ವರ್ಷ, ಒಂದು ತಿಂಗಳು, ಒಂದು ದಿನಕ್ಕೆ.

ಒಪ್ಪಂದ ತಪ್ಪಾ? ಅಲ್ಲ. ಅಲ್ಲಿನ ಬುಡಕಟ್ಟು ಜನರಿಗೂ ದೂರುಗಳಿದ್ದವು, ದಶಕಗಟ್ಟಲೆ ಎರಡೂ ಕಡೆ ಹೆಣ ಬಿದ್ದಿವೆ, ನಿಲ್ಲಲೇಬೇಕಿತ್ತು. ಹಿಂಸೆ ನಿಲ್ಲಬೇಕು ಅಂತಲೇ ತಾನೇ ಅವರು ಅಲ್ಲಿ ಕಾವಲು ನಿಂತಿದ್ದು. ಆದರೆ ಆ ದಿನ ಒಪ್ಪಂದದ ಸುದ್ದಿಯನ್ನ ನಾನೇ ಓದಿದೆ, ಮೂವತ್ತು ಸೆಕೆಂಡು. ಟೆಲಿಪ್ರಾಂಪ್ಟರ್‌ನಲ್ಲಿ ಎನ್‌ಎಲ್‌ಎಫ್‌ಟಿ ಅಂತ ಬಂದಾಗ ನಾಲಿಗೆ ಒಂದು ಕ್ಷಣ ತಡವರಿಸಿತು. ಎಲ್ಲೋ ಕೇಳಿದೀನಲ್ಲ ಅನ್ನಿಸಿತು. ಬುಲೆಟಿನ್ ಮುಗಿಸಿ, ಮೇಕಪ್ ಒರೆಸಿಕೊಳ್ಳೋವಾಗ ಹೊಳೀತು, ಎಲ್ಲಿ ಅಂತ. ಒಬ್ಬ ಕನ್ನಡಿಗನನ್ನ ಕೊಂದ ಸಂಘಟನೆ ಶಸ್ತ್ರ ಕೆಳಗಿಟ್ಟ ಸುದ್ದಿಯನ್ನ ಕನ್ನಡ ಚಾನೆಲ್‌ನಲ್ಲಿ, ಕಲಬುರಗಿಯಲ್ಲಿ ಓದಿದ ನಾನು ಓದಿದೆ. ಅದರಲ್ಲಿ ಆ ಕನ್ನಡಿಗನ ಹೆಸರು ಇರಲಿಲ್ಲ. ಬೇಕು ಅಂತ ಬಿಟ್ಟಿದ್ದಲ್ಲ. ಯಾರಿಗೂ ನೆನಪಿರಲಿಲ್ಲ, ಅಷ್ಟೇ. ಮರೆಯೋಕೆ ಯಾರೂ ಕಷ್ಟಪಡಬೇಕಾಗಿಲ್ಲ. ನೆನಪಿಟ್ಟುಕೊಳ್ಳೋಕೆ ಮಾತ್ರ ಗೊರವ ಬೇಕು, ಭೂಮಿ ಬೇಕು, ಊಟಕ್ಕೆ ಮುಂಚಿನ ಪೂಜೆ ಬೇಕು.

ಈ ವರ್ಷ ಜುಲೈ ಕೊನೆಗೆ ಸಂಪಾದಕರ ಮೀಟಿಂಗಿನಲ್ಲಿ ನಾನು ಒಂದು ವಿಷಯ ಇಟ್ಟೆ. ಕರ್ನಾಟಕದವರು ಯಾವ ತಾರೀಖಿಗೆ, ಎಲ್ಲಿ, ಕರ್ತವ್ಯದಲ್ಲಿ ಸತ್ತರೋ ಆ ತಾರೀಖಿಗೆ ಸರಿಯಾಗಿ ಬೆಳಗಿನ ಬುಲೆಟಿನ್ನಿನಲ್ಲಿ ಒಂದು ಹೆಸರು, ಒಂದು ಊರು, ಒಂದು ಫೋಟೊ. ನಲವತ್ತು ಸೆಕೆಂಡು. ಸೇನೆ, ಬಿಎಸ್‌ಎಫ್, ಪೊಲೀಸು ಅಂತ ಭೇದ ಇಲ್ಲ. ಹಿನ್ನೆಲೆ ಸಂಗೀತ ಬೇಡ. ಜಾಹೀರಾತು ವಿಭಾಗದವರು ಪಾಪ ವಿರೋಧ ಏನೂ ಮಾಡಲಿಲ್ಲ, ಆದರೆ ಒಬ್ಬ ಹೊಸ ಹುಡುಗ ಕೇಳಿದ, "ಸರ್, ಅವತ್ತು ಬ್ರೇಕಿಂಗ್ ಇದ್ರೆ?"

ಬ್ರೇಕಿಂಗ್ ಇದ್ರೂ, ಅಂದೆ.

"ಬಜೆಟ್ ದಿನ ಇದ್ರೆ? ಕೌಂಟಿಂಗ್ ಇದ್ರೆ?"

ಅವತ್ತಂತೂ ಕಡ್ಡಾಯ, ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬರಹದಲ್ಲಿ ಹಾಕಿಸಿಕೊಂಡೆ.

ಆಗಸ್ಟ್ 3ರ ಬೆಳಗ್ಗೆ ಆರೂವರೆಗೆ ನಾನೇ ಕೂತು ಓದಿದೆ. ಕಾನ್‌ಸ್ಟೇಬಲ್ ರಾಜಕುಮಾರ್, ಗಡಿ ಭದ್ರತಾ ಪಡೆ, ಆಳಂದ ತಾಲೂಕು ಚಿಂಚನಸೂರು. ಅವರ ಜೊತೆಗೇ ಸತ್ತ ಸಬ್ ಇನ್ಸ್‌ಪೆಕ್ಟರ್ ಭೂರು ಸಿಂಗ್ ಅವರ ಹೆಸರನ್ನೂ ಓದಿದೆ. ಅವರು ಕನ್ನಡಿಗರಲ್ಲ, ನಮ್ಮ ನಿಯಮದಲ್ಲಿ ಬರಲ್ಲ, ಪರವಾಗಿಲ್ಲ ಅನ್ನಿಸಿತು.

ಸ್ಟುಡಿಯೊದಿಂದ ಹೊರಗೆ ಬರೋ ಹೊತ್ತಿಗೆ ಫೋನ್ ಬಡಿದುಕೊಳ್ತಿತ್ತು. ಜೇವರ್ಗಿಯವನು. ಈಗ ಅವನು ಊರಲ್ಲೇ ತೊಗರಿ ವ್ಯಾಪಾರ, ಅಷ್ಟು ಬೆಳಗ್ಗೆ ಟಿವಿ ಹಾಕೋ ಪೈಕಿ ಅಲ್ಲ.

"ನೋಡ್ದೆಪಾ," ಅಂದ.

"ಹೆಂಗಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮುಂದಿನ ವರ್ಷನೂ ಓದ್ತೀರೇನು?"